‘ಗೊತ್ತು’ ಬೇರೆ, ‘ಗೊತ್ತಿತ್ತು’ ಬೇರೆ: ಪ್ರವಚನಕಾರರಿಗೊಂದು ಬಹಿರಂಗ ಪತ್ರ

ನಾಡಿನ ಪ್ರವಚನಕಾರರಿಗೆ, ಹರಿಕಥೆ ದಾಸರಿಗೆ, ಸಾವಾದ ಮನೆಯಲ್ಲಿ ನಾಲ್ಕು ಮಾತು ಹೇಳಬೇಕಾಗಿ ಬರುವ ಪುರೋಹಿತರಿಗೆ,

ನಮಸ್ಕಾರ.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತಳಾದವಳು ನಾನು. ರಾಮನವಮಿಯ ಪೆಂಡಾಲಿನಲ್ಲಿ ಕೋಸಂಬರಿಯ ದೊನ್ನೆ ಹಿಡಿದು ಕೂತು ನಿಮ್ಮ ಮಾತು ಕೇಳುತ್ತಾ ಬೆಳೆದವಳು. ಶಾಲೆಯ ಮೇಷ್ಟರಿಗಿಂತ ಮೊದಲು ನನಗೆ ಸಂಸ್ಕೃತದ ರುಚಿ ಹತ್ತಿಸಿದವರು ನಿಮ್ಮಂಥವರೇ. ಆ ಋಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನ ಮಗ ನಾಲೆಗೆ ಈಜಲು ಹೋಗಿ ತೀರಿಕೊಂಡ. ಹತ್ತೊಂಬತ್ತು ವರ್ಷ. ನಾಲೆ ಕಂಡವರಿಗೆ ಗೊತ್ತು, ಇಳಿಯುವುದು ಸುಲಭ. ಎರಡೂ ಬದಿಯ ಕಾಂಕ್ರೀಟ್ ಇಳಿಜಾರಿಗೆ ಪಾಚಿ ಕಟ್ಟಿದ್ದರೆ ಹತ್ತಿ ಬರಲು ಕೈಗೆ ಏನೂ ಸಿಗುವುದಿಲ್ಲ. ಏರಿಯ ಮೇಲೆ ಅವನ ಚಪ್ಪಲಿ ಇದ್ದವು, ಪಕ್ಕದಲ್ಲಿ ಟವೆಲಿನಲ್ಲಿ ಸುತ್ತಿಟ್ಟ ಫೋನ್ ಇತ್ತು. ಅದೇ ಟವೆಲನ್ನು ಒದ್ದೆಯಾಗಿದ್ದಂತೆಯೇ ಹಾಸಿಗೆಯ ಮೇಲೆ ಎಸೆದಿದ್ದಕ್ಕೆ ಬೆಳಿಗ್ಗೆ ಅವನಮ್ಮ ರೇಗಿದ್ದಳು. “ಇಷ್ಟು ದೊಡ್ಡವನಾದೆ, ಒಂದು ಟವೆಲ್ ಹರವೋಕ್ಕೆ ಬರಲ್ವಾ?” ಅವನು ಮಾತಾಡದೆ ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ. ಮನೆಗೆ ತಂದುಕೊಟ್ಟಾಗ ಟವೆಲ್ ಬಿಸಿಲಿಗೆ ಗರಿಗರಿಯಾಗಿ ಒಣಗಿತ್ತು.

ವೈಕುಂಠ ಸಮಾರಾಧನೆಯ ದಿನ ಎಲೆ ಎತ್ತಿದ ಮೇಲೆ, ಬಂದಿದ್ದ ಹಿರಿಯರೊಬ್ಬರು ನಡುಮನೆಯಲ್ಲಿ ಕೂತು ಮಾತಾಡಿದರು. ಓದಿಕೊಂಡವರು, ಒಳ್ಳೆಯ ಮನಸ್ಸಿನವರು. ಅವರ ಹೆಸರು ಇಲ್ಲಿ ಬೇಡ. “ಈ ಮಗು ಹುಟ್ಟುವ ಮೊದಲೇ ಈ ದಿನ, ಈ ಗಳಿಗೆ, ಈ ನೀರು ಭಗವಂತನಿಗೆ ಗೊತ್ತಿತ್ತು. ಅವನು ಸರ್ವಜ್ಞ. ಅಷ್ಟೇ ಪಡೆದುಕೊಂಡು ಬಂದಿದ್ದ, ಋಣ ಮುಗೀತು. ಅಳಬೇಡಿ” ಎಂದರು. ಕೂತಿದ್ದವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ.

ಆ ರಾತ್ರಿ ತಮ್ಮನ ಹೆಂಡತಿ ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಅಕ್ಕ, ದೇವರಿಗೆ ಮೊದಲೇ ಗೊತ್ತಿತ್ತಂತೆ. ಅವನನ್ನ ಉಳಿಸೋದು ಹೋಗ್ಲಿ, ಬಿಡಿ. ಆ ಬೆಳಿಗ್ಗೆ ನಾನು ಅವನ ಮೇಲೆ ರೇಗೋದನ್ನಾದ್ರೂ ತಪ್ಪಿಸ್ಬಹುದಿತ್ತಲ್ವಾ?”

ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯಿಗೆ ಉತ್ತರ ಬರಲಿಲ್ಲ. ಅವಳು ಮಾರನೆಯ ದಿನದಿಂದ ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಳು. ಯಾರೂ ಬಲವಂತ ಮಾಡಲಿಲ್ಲ. ನನಗೆ ಮಾತ್ರ ಆ ಪ್ರಶ್ನೆ ಅಂಟಿಕೊಂಡಿತು. ಪರಿಪೂರ್ಣನಾದ ದೇವರು ಎಲ್ಲವನ್ನೂ ತಿಳಿದಿರಲೇಬೇಕೆ? ಹಾಗೆಂದು ನಮಗೆ ಹೇಳಿಕೊಟ್ಟವರು ಯಾರು, ಯಾವ ಕಾರಣಕ್ಕೆ? ಬಹಳ ವರ್ಷಗಳ ಮೇಲೆ ಹಳೆಯ ಪುಸ್ತಕಗಳನ್ನು ಮತ್ತೆ ತೆಗೆದೆ. ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ನನ್ನ ತಾಯಿಯೂ ಕಷ್ಟ ಬಂದಾಗಲೆಲ್ಲ “ಅವನಿಗೆ ಗೊತ್ತು” ಎನ್ನುತ್ತಿದ್ದಳು. ಒಲೆಯ ಮುಂದೆ ಕೂತು, ಯಾರಿಗೂ ಕೇಳದ ಹಾಗೆ. ಆ ಮಾತು ಅವಳನ್ನು ಎತ್ತಿ ನಿಲ್ಲಿಸುತ್ತಿತ್ತು. ‘ಅವನಿಗೆ ಗೊತ್ತು’ ಎಂದರೆ ನನ್ನ ಸಂಕಟಕ್ಕೆ ಒಬ್ಬ ಸಾಕ್ಷಿ ಇದ್ದಾನೆ, ನಾನು ಒಂಟಿಯಲ್ಲ ಎಂದು. ‘ಅವನಿಗೆ ಮೊದಲೇ ಗೊತ್ತಿತ್ತು’ ಎಂದರೆ ಅವನು ನೋಡುತ್ತಾ ಬಿಟ್ಟುಬಿಟ್ಟ ಎಂದು. ಕ್ರಿಯಾಪದದ ಕಾಲ ಒಂದಿಷ್ಟು ಹಿಂದಕ್ಕೆ ಸರಿದದ್ದಷ್ಟೆ, ಸಾಕ್ಷಿಯಾಗಿದ್ದವನು ಆರೋಪಿಯಾಗಿಬಿಟ್ಟ. ಮೊದಲನೆಯದು ನೊಂದವರ ಬಾಯಿಂದ ಬರುವ ಮಾತು, ಎರಡನೆಯದು ನೋಯದವರು ನೊಂದವರಿಗೆ ಹೇಳುವ ಮಾತು. ನಿಮ್ಮ ಹತ್ತಿರ ನನ್ನ ಜಗಳವೆಲ್ಲ ಈ ಎರಡನೆಯ ಮಾತಿನ ಮೇಲೆ.

ದೇವರಿಗೆ ಸರ್ವಜ್ಞತ್ವ ಏಕೆ ಬೇಕಾಯಿತು ಎಂದು ಹುಡುಕಿಕೊಂಡು ಹೋದರೆ ಸಿಗುವುದು ಕುಂಬಾರನ ಕೆಲಸದ ಲೆಕ್ಕ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ವಾದ ಅದು. ಮಡಕೆ ಇದೆ ಎಂದರೆ ಕುಂಬಾರ ಇರಬೇಕು. ಕುಂಬಾರನಿಗೆ ಮಣ್ಣು ಗೊತ್ತಿರಬೇಕು, ತಿಗರಿ ಗೊತ್ತಿರಬೇಕು, ಮಡಕೆ ಯಾರಿಗೆ ಏತಕ್ಕೆ ಎಂಬುದೂ ಗೊತ್ತಿರಬೇಕು. ಜಗತ್ತನ್ನು ಮಾಡಿದವನಿಗೆ ಹಾಗೆಯೇ ಪರಮಾಣುಗಳಿಂದ ಹಿಡಿದು ಒಂದೊಂದು ಜೀವದ ಅದೃಷ್ಟದವರೆಗೆ, ಎಂದರೆ ಕಣ್ಣಿಗೆ ಕಾಣದ ಕರ್ಮಫಲದವರೆಗೆ, ಎಲ್ಲವೂ ಗೊತ್ತಿರಬೇಕು. 10ನೇ ಶತಮಾನದ ಉದಯನರ ಕೈಯಲ್ಲಿ ಈ ವಾದ ತುಂಬಾ ಗಟ್ಟಿಯಾಯಿತು. ನನಗೆ ಅದರ ಮೇಲೆ ಗೌರವವಿದೆ. ಆದರೆ ಗಮನಿಸಿ, ಇಲ್ಲಿ ಬೇಕಾಗಿರುವುದು ಕೆಲಸಗಾರನ ಅರಿವು. ಈ ಮಡಕೆಯನ್ನು ಯಾವ ಹುಡುಗಿ ಯಾವ ಸೋಮವಾರ ಬಾವಿಕಟ್ಟೆಯ ಮೇಲೆ ಕೈಜಾರಿ ಬೀಳಿಸುತ್ತಾಳೆ ಎಂಬುದು ಕುಂಬಾರನಿಗೆ ಗೊತ್ತಿರಬೇಕಾಗಿಲ್ಲ. ಅದು ಗೊತ್ತಿಲ್ಲವೆಂದು ಅವನನ್ನು ಕೆಟ್ಟ ಕುಂಬಾರ ಎನ್ನುವವರೂ ಇಲ್ಲ.

ಯೋಗಸೂತ್ರದ ದಾರಿ ಬೇರೆ. ಒಬ್ಬರಿಗಿಂತ ಒಬ್ಬರು ಹೆಚ್ಚು ತಿಳಿದವರು ಇರುತ್ತಾರೆ, ಹೀಗೆ ಏರುತ್ತಾ ಹೋದರೆ ಇನ್ನು ಏರಲಾರದ ತುದಿಯೊಂದು ಇರಬೇಕು, ಆ ತುದಿಯೇ ಈಶ್ವರ. ಕೇಳಲು ಚೆನ್ನಾಗಿದೆ. ಆದರೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋದರೆ ತುದಿ ಸಿಗುವುದಿಲ್ಲ ಎಂದು ಐದನೇ ಕ್ಲಾಸಿನ ಮಗುವಿಗೂ ಗೊತ್ತು. ಏರುವುದೆಲ್ಲ ಎಲ್ಲೋ ಒಂದು ಕಡೆ ನಿಲ್ಲಲೇಬೇಕೆಂಬ ನಿಯಮವಿಲ್ಲ.

ನಮ್ಮ ನೆಲದಲ್ಲಿ ಸರ್ವಜ್ಞತ್ವದ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಬಹುಶಃ ಜೈನರು. ಶ್ರವಣಬೆಳಗೊಳದ ಶಾಸನಗಳು ಹೊಗಳುವ ಸಮಂತಭದ್ರ, ಅಕಲಂಕರು ಇದಕ್ಕಾಗಿ ತರ್ಕದ ಕೋಟೆಯನ್ನೇ ಕಟ್ಟಿದರು. ಕೇವಲಜ್ಞಾನ, ಎಂದರೆ ಪರಿಪೂರ್ಣ ಅರಿವು, ಪಡೆದವನಿಗೆ ಮೂರು ಕಾಲದ ಎಲ್ಲ ವಸ್ತುಗಳೂ ಅಂಗೈಯಲ್ಲಿದ್ದ ಹಾಗೆ ಕಾಣುತ್ತವೆ ಎಂದರು. ಅವರು ಹಾಗೆ ಹೇಳಬಹುದು. ಏಕೆಂದರೆ ಅವರ ತೀರ್ಥಂಕರ ಲೋಕವನ್ನು ಸೃಷ್ಟಿಸಿದವನಲ್ಲ, ನಡೆಸುವವನೂ ಅಲ್ಲ. ‘ಗೊತ್ತಿದ್ದೂ ಏಕೆ ತಡೆಯಲಿಲ್ಲ’ ಎಂದು ಬೆಟ್ಟದ ಮೇಲೆ ನಿಂತ ಗೊಮ್ಮಟನನ್ನೂ ಯಾರೂ ಕೇಳುವಂತಿಲ್ಲ. ಕೇಳಬೇಕಾಗಿ ಬರುವುದು ನಮ್ಮ ದೇವರನ್ನು. ಎಲ್ಲ ತಿಳಿದವನು, ಎಲ್ಲ ಮಾಡಬಲ್ಲವನು, ಎಲ್ಲರನ್ನೂ ಪ್ರೀತಿಸುವವನು ಎಂದು ಮೂರನ್ನೂ ಒಬ್ಬನ ಹೆಗಲ ಮೇಲೆ ಹೊರಿಸಿದವರು ನಾವು. ನನ್ನ ತಮ್ಮನ ಮನೆಯಲ್ಲಿ ಆ ಹಿರಿಯರು ಮೊದಲನೆಯದನ್ನು ಎತ್ತಿಹಿಡಿದರು. ತಮ್ಮನ ಹೆಂಡತಿಯ ಮನಸ್ಸಿನಲ್ಲಿ ಮೂರನೆಯದು ಕುಸಿದುಬಿತ್ತು.

7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಈ ವಿಷಯದಲ್ಲಿ ಬಹಳ ನೇರವಾಗಿ ಮಾತಾಡಿದ. ಲೋಕದಲ್ಲಿ ಹುಳುಗಳು ಎಷ್ಟಿವೆ ಎಂಬ ಎಣಿಕೆ ಯಾರಿಗೋ ಗೊತ್ತಿದ್ದರೆ ನಮಗೆ ಅದರಿಂದ ಏನಾಗಬೇಕು? ದುಃಖ ಏನು, ಅದರಿಂದ ಹೊರಗೆ ಬರುವುದು ಹೇಗೆ ಎಂಬುದನ್ನು ಬಲ್ಲವನು ನಮಗೆ ಪ್ರಮಾಣ, ನಂಬಬಹುದಾದ ಆಧಾರ. ದೂರದ್ದನ್ನು ಕಾಣುವವನೇ ಪ್ರಮಾಣ ಎನ್ನುವುದಾದರೆ ಬನ್ನಿ, ಹದ್ದುಗಳನ್ನು ಪೂಜಿಸೋಣ. ಅವನು ಒರಟಾಗಿ ಹೇಳಿದ, ನಿಜ. ಆದರೆ ಮಗನನ್ನು ಕಳೆದುಕೊಂಡವಳ ಪಕ್ಕದಲ್ಲಿ ಕೂತಿದ್ದ ನನಗೆ ಆ ಮಾತಿನ ಒಳಗಿನ ಕರುಣೆ ಕಂಡಿತು. ಅವಳಿಗೆ ಆ ರಾತ್ರಿ ಬೇಕಾಗಿದ್ದದ್ದು ದೂರದೃಷ್ಟಿಯ ದೇವರಲ್ಲ.

ವೇದದಲ್ಲಿ ಸರ್ವಜ್ಞತ್ವ ಪ್ರಶ್ನೆಯಿಲ್ಲದ ಮಾತು ಎಂದು ನೀವು ಹೇಳಬಹುದು. ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತ ಹೇಗೆ ಮುಗಿಯುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಈ ಸೃಷ್ಟಿ ಎಲ್ಲಿಂದ ಬಂತು? ಪರಮ ವ್ಯೋಮದಲ್ಲಿ, ಎಲ್ಲಕ್ಕೂ ಮೇಲಿನ ಆಕಾಶದಲ್ಲಿ, ಕೂತು ಇದನ್ನು ನೋಡಿಕೊಳ್ಳುವವನು ಯಾರೋ, “ಸೋ ಅಂಗ ವೇದ ಯದಿ ವಾ ನ ವೇದ”. ಅವನು ಬಲ್ಲ, ಅಥವಾ ಅವನೂ ಅರಿಯ. ಸೂಕ್ತ ಅಲ್ಲಿಗೇ ನಿಲ್ಲುತ್ತದೆ. ವಿಜಯನಗರದಲ್ಲಿ ಕೂತು ಭಾಷ್ಯ ಬರೆದ ಸಾಯಣರು, ಸರ್ವಜ್ಞನಾದ ಈಶ್ವರನೊಬ್ಬನೇ ಅದನ್ನು ಬಲ್ಲ, ಬೇರೆ ಯಾರು ತಾನೆ ಬಲ್ಲರು ಎಂಬ ಕಡೆಗೆ ಅರ್ಥವನ್ನು ತಿರುಗಿಸಿದರು. ಅವರಂಥ ವಿದ್ವಾಂಸರ ಮುಂದೆ ನಾನು ಯಾರೂ ಅಲ್ಲ. ಆದರೂ ಪಾಠ ಹೇಳಿದ ಅಭ್ಯಾಸದಿಂದ ಹೇಳುತ್ತೇನೆ, ‘ನ ವೇದ’ ಎಂಬ ಎರಡು ಪದಗಳು ಮೂಲದಲ್ಲಿ ಹಾಗೇ ಕೂತಿವೆ. ಯಾರೋ ಒಬ್ಬ ಋಷಿ ಅವನ್ನು ಹೇಳಲು ಹೆದರಲಿಲ್ಲ. ಮುಂದಿನವರು ಅವನ್ನು ತೆಗೆದುಹಾಕಲಿಲ್ಲ, ಸ್ವರ ತಪ್ಪದ ಹಾಗೆ ಮಕ್ಕಳಿಗೆ ಬಾಯಿಪಾಠ ಮಾಡಿಸಿ ಉಳಿಸಿದರು.

ಇನ್ನು ‘ಸರ್ವಜ್ಞ’ ಎಂಬ ಪದ. ಸರ್ವಂ ಜಾನಾತಿ ಇತಿ ಸರ್ವಜ್ಞಃ. ಸಮಾಸ ಬಿಡಿಸುವುದು ಸುಲಭ, ಆ ‘ಸರ್ವ’ದೊಳಗೆ ಏನೇನು ಬರುತ್ತದೆ ಎಂಬುದು ಕಷ್ಟ. ಇರುವುದೆಲ್ಲ ಬರುತ್ತದೆ, ಒಪ್ಪೋಣ. ಆಗಿ ಹೋದದ್ದೂ ಬರುತ್ತದೆ. ನಾಳೆ ಬೆಳಿಗ್ಗೆ ನಾನು ಇನ್ನೂ ಮಾಡದ ನಿರ್ಧಾರ ಎಲ್ಲಿದೆ, ‘ಸರ್ವ’ದೊಳಗೆ ಬರಲು? ಇನ್ನೂ ಹುಟ್ಟದ ಕೂಸಿನ ಕೂದಲ ಬಣ್ಣ ಹೇಳಲಾರದವಳನ್ನು ನಾವು ದಡ್ಡಿ ಎನ್ನುವುದಿಲ್ಲ. ಇಲ್ಲದ್ದನ್ನು ಇಲ್ಲ ಎಂದು ತಿಳಿಯುವುದೇ ಸರಿಯಾದ ತಿಳಿವು. ತೆರೆದಿರುವುದನ್ನು ತೆರೆದಿದೆ ಎಂದೇ ಕಾಣುವ ದೇವರು, ಅದನ್ನು ಮುಚ್ಚಿದೆ ಎಂದು ಕಾಣುವ ದೇವರಿಗಿಂತ ಕಡಿಮೆಯವನಲ್ಲ.

ಗೀತೆಯ ಏಳನೇ ಅಧ್ಯಾಯದಲ್ಲಿ ‘ಭವಿಷ್ಯಾಣಿ ಚ ಭೂತಾನಿ’ ಎಂದಿದೆಯಲ್ಲ ಎಂದು ನೀವು ಕೇಳುತ್ತೀರಿ. ಕೇಳಬೇಕು. ಆದದ್ದು, ಆಗುತ್ತಿರುವುದು, ಆಗಲಿರುವುದು ಎಲ್ಲವನ್ನೂ ಬಲ್ಲೆ ಎಂದು ಕೃಷ್ಣ ಹೇಳುತ್ತಾನೆ, ಪರಂಪರೆಯ ಅರ್ಥವೂ ಅದೇ. ಆದರೆ ಅಲ್ಲಿರುವ ಪದ ‘ಭೂತಾನಿ’, ಜೀವಿಗಳು. ಬರಲಿರುವ ಜೀವಿಗಳನ್ನು ಬಲ್ಲೆ ಎನ್ನುವುದಕ್ಕೂ ಅವರು ಇಡುವ ಒಂದೊಂದು ಹೆಜ್ಜೆಯನ್ನೂ ಬರೆದಿಟ್ಟಿದ್ದೇನೆ ಎನ್ನುವುದಕ್ಕೂ ನಡುವೆ ದೂರವಿದೆ. ಹೀಗೆ ಬಿಡಿಸುವುದು ನನ್ನ ಹೊಣೆ, ತಪ್ಪಿದ್ದರೆ ನನ್ನದೇ ತಪ್ಪು.

ಇದು ನಮ್ಮವರಿಗೆ ಮಾತ್ರ ಇರುವ ಗೊಂದಲವೂ ಅಲ್ಲ. 14ನೇ ಶತಮಾನದಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿದ್ದ ಯಹೂದಿ ಪಂಡಿತ, ಖಗೋಳಶಾಸ್ತ್ರಜ್ಞ ಲೇವಿ ಬೆನ್ ಗೆರ್ಶೋಮ್, ಮನುಷ್ಯ ತನ್ನ ಇಚ್ಛೆಯಿಂದ ಯಾವುದನ್ನು ಆರಿಸುತ್ತಾನೆ ಎಂಬುದು ದೇವರಿಗೆ ಮೊದಲೇ ತಿಳಿದಿರುವುದಿಲ್ಲ, ಅದು ದೇವರಿಗೆ ಕೊರತೆಯಲ್ಲ ಎಂದು ಬರೆದ. ಮಾರ್ಕನ ಸುವಾರ್ತೆಯಲ್ಲಿ ಯೇಸು, ಕಡೆಯ ದಿನ ಯಾವಾಗ ಎಂದು ಮಗನಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು ಎನ್ನುತ್ತಾನೆ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಕಥೆಗೆ ಬರುತ್ತೇನೆ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ್ದರಿಂದಲೋ ಏನೋ, ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಹೆಚ್ಚು ಬಿದ್ದಿಲ್ಲ. ವ್ಯಾಸಭಾರತದ ಅಶ್ವಮೇಧಿಕ ಪರ್ವ. ಯುದ್ಧ ಮುಗಿದಿದೆ, ಕೃಷ್ಣ ದ್ವಾರಕೆಗೆ ಹಿಂದಿರುಗುತ್ತಿದ್ದಾನೆ. ದಾರಿಯಲ್ಲಿ, ಮರುಭೂಮಿಯಲ್ಲಿ ಉತ್ತಂಕ ಋಷಿ ಎದುರಾಗುತ್ತಾನೆ. ಏನೂ ತಿಳಿಯದ ಆ ಮುದುಕ, ಕೌರವ ಪಾಂಡವರಿಗೆ ರಾಜಿ ಮಾಡಿಸಿ ಬಂದೆಯಾ ಎಂದು ಸಂತೋಷದಿಂದ ಕೇಳುತ್ತಾನೆ. ಎಲ್ಲರೂ ಸತ್ತರು ಎಂದು ತಿಳಿದಾಗ ಅವನ ಕಣ್ಣು ಕೆಂಪಾಗುತ್ತವೆ. ಶಕ್ತನಾಗಿದ್ದೂ ಅವರನ್ನು ಕಾಯಲಿಲ್ಲ, ನಿನ್ನನ್ನು ಶಪಿಸುತ್ತೇನೆ ಎನ್ನುತ್ತಾನೆ. ತಮ್ಮನ ಹೆಂಡತಿಯ ಪ್ರಶ್ನೆ ಅದೇ ಅಲ್ಲವೇ?

ಕೃಷ್ಣ ಏನು ಉತ್ತರ ಕೊಟ್ಟ ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಓದಿ. ಯಾವ ಯೋನಿಯಲ್ಲಿ ಹುಟ್ಟುತ್ತೇನೋ ಆ ಯೋನಿಗೆ ತಕ್ಕ ಹಾಗೆ ನಡೆಯುತ್ತೇನೆ ಎನ್ನುತ್ತಾನೆ. ಈಗ ಮನುಷ್ಯನಾಗಿದ್ದೇನೆ, ಮನುಷ್ಯನ ಹಾಗೆ ದೀನನಾಗಿ ಅವರನ್ನು ಬೇಡಿಕೊಂಡೆ, ಮೋಹ ಕವಿದ ಅವರು ನನ್ನ ಹಿತವಾದ ಮಾತು ಕೇಳಲಿಲ್ಲ. ಆಮೇಲೆ ಋಷಿಯ ಕೋರಿಕೆಯ ಮೇಲೆ ವಿಶ್ವರೂಪವನ್ನೂ ತೋರಿಸುತ್ತಾನೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೋಪಗೊಂಡು ನಿಂತ ಒಬ್ಬನ ಮುಂದೆ ಅವನು ‘ನನಗೆ ಮೊದಲೇ ಗೊತ್ತಿತ್ತು, ಅದು ಹಾಗೇ ಆಗಬೇಕಿತ್ತು’ ಎಂಬಲ್ಲಿಗೆ ಮಾತು ಮುಗಿಸಲಿಲ್ಲ. ಬೇಡಿಕೊಂಡೆ ಎಂದ. ಬೇಡಿಕೊಳ್ಳುವವನಿಗೆ ಉತ್ತರ ಮೊದಲೇ ಗೊತ್ತಿದ್ದರೆ ಆ ಬೇಡಿಕೆಗೆ ಏನು ಬೆಲೆ?

ಅದೇ ಪರ್ವದಲ್ಲಿ ಅದಕ್ಕೂ ಮೊದಲು ಇನ್ನೊಂದು ಇದೆ. ಕುರುಕ್ಷೇತ್ರದಲ್ಲಿ ಹೇಳಿದ್ದೆಲ್ಲ ಮರೆತುಹೋಯಿತು, ಮತ್ತೆ ಹೇಳು ಎಂದು ಅರ್ಜುನ ಕೇಳುತ್ತಾನೆ. ಕೃಷ್ಣನಿಗೆ ಬೇಸರವಾಗುತ್ತದೆ. ಅದನ್ನು ಹಾಗೆಯೇ ಪೂರ್ತಿಯಾಗಿ ಮತ್ತೆ ಹೇಳಲು ನನ್ನಿಂದಲೂ ಆಗದು, ಆಗ ಯೋಗದಲ್ಲಿದ್ದು ಹೇಳಿದ್ದೆ ಎನ್ನುತ್ತಾನೆ. ಗೀತೆ ಹೇಳಿದವನೇ ಆಡಿದ ಮಾತು ಇದು. ಸೀತೆಯನ್ನು ಕಳೆದುಕೊಂಡ ರಾಮ ಕದಂಬದ ಮರವನ್ನು ನಿಲ್ಲಿಸಿ ಕೇಳಿದ, ನನ್ನವಳನ್ನು ಕಂಡೆಯಾ ಎಂದು. ಅದೆಲ್ಲ ನಟನೆ, ಅವನಿಗೆ ಗೊತ್ತೇ ಇತ್ತು ಎಂದು ನೀವು ವೇದಿಕೆಯ ಮೇಲೆ ನಗುತ್ತಾ ಹೇಳಿದಾಗ ಚಿಕ್ಕಂದಿನಲ್ಲಿ ನನಗೂ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಅಳು ನಟನೆಯಾದರೆ ಅಳುವವರ ದುಃಖ ಅವನಿಗೆ ಗೊತ್ತಾಯಿತು ಎನ್ನುವುದು ಹೇಗೆ? ಎಂದೂ ಹಸಿಯದವನಿಗೆ ಹಸಿವು ಗೊತ್ತಿಲ್ಲ, ಎಂದೂ ಕಳೆದುಕೊಳ್ಳದವನಿಗೆ ಕಳೆದುಕೊಂಡವರು ಗೊತ್ತಿಲ್ಲ. ಮರವನ್ನು ಕೇಳುವಷ್ಟು ದಿಕ್ಕುಗೆಟ್ಟವನೇ ಆ ತಾಯಿಯನ್ನು ಬಲ್ಲ. ಮುಂದಾಗುವುದು ಗೊತ್ತಿಲ್ಲದ ಸ್ಥಿತಿ ಎಂದರೇನು ಎಂಬುದೂ ತಿಳಿಯಬೇಕಾದ ಒಂದು ಸಂಗತಿಯೇ. ಪೂರ್ಣನಾದವನು ಅದನ್ನೂ ತಿಳಿದಿರಬೇಕು.

ಕರ್ಮದ ಉತ್ತರವನ್ನು ನಾನು ಮರೆತಿಲ್ಲ. ದೇವರಿಗೆ ಪಕ್ಷಪಾತವಿಲ್ಲ, ಕ್ರೌರ್ಯವಿಲ್ಲ, ಜೀವಿಗಳ ಕರ್ಮವನ್ನು ನೋಡಿ ಫಲ ಕೊಡುತ್ತಾನೆ ಎಂದು ಬ್ರಹ್ಮಸೂತ್ರವೇ ಹೇಳುತ್ತದೆ. ತರ್ಕಸಭೆಯಲ್ಲಿ ಅದಕ್ಕೆ ಜಾಗವಿದೆ. ಹತ್ತೊಂಬತ್ತು ವರ್ಷದ ಹುಡುಗನ ಫೋಟೋಕ್ಕೆ ಹಾಕಿದ ಹೂವು ಬಾಡುವ ಮೊದಲು ಅವನೇ ಏನೋ ಮಾಡಿಕೊಂಡು ಬಂದಿದ್ದ ಎಂದು ಅವನ ತಾಯಿಗೆ ಹೇಳಬಾರದು.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಸಾವಾದ ಮನೆಯಲ್ಲಿ ‘ಮೊದಲೇ ಗೊತ್ತಿತ್ತು’ ಎಂಬ ಮಾತನ್ನು ಬಿಡಿ. ಏಕಾಯಿತು ಎಂದು ಯಾರಾದರೂ ಕೇಳಿದರೆ ‘ನನಗೆ ಗೊತ್ತಿಲ್ಲಮ್ಮ’ ಎನ್ನಿ. ನಾಸದೀಯದ ಋಷಿ ದೇವರ ಬಗ್ಗೆಯೇ ಆ ಮಾತಿಗೆ ಜಾಗ ಬಿಟ್ಟಿದ್ದಾನೆ, ನಮಗೆ ಏನು ಸಂಕೋಚ? ಏನಾದರೂ ಓದಲೇಬೇಕೆಂದರೆ ಉತ್ತಂಕನ ಕಥೆ ಓದಿ, ರಾಮ ಮರವನ್ನು ಕೇಳಿದ್ದನ್ನು ಓದಿ, ವ್ಯಾಖ್ಯಾನವಿಲ್ಲದೆ. ಹಬ್ಬದ ಪೆಂಡಾಲಿನಲ್ಲಿ ಸರ್ವಜ್ಞತ್ವದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.

ಇನ್ನೊಂದನ್ನು ಹೇಳಿ ಪತ್ರ ಮುಗಿಸುತ್ತೇನೆ. ವಿಷ್ಣುಸಹಸ್ರನಾಮದಲ್ಲಿ ‘ಸರ್ವಜ್ಞ’ ಎಂಬ ಹೆಸರು ಎರಡು ಸಲ ಬರುತ್ತದೆ. ‘ಸರ್ವದರ್ಶೀ ವಿಮುಕ್ತಾತ್ಮಾ ಸರ್ವಜ್ಞೋ ಜ್ಞಾನಮುತ್ತಮಮ್’ ಎಂಬಲ್ಲಿ ಒಮ್ಮೆ, ‘ಸರ್ವಜ್ಞಃ ಸರ್ವತೋಮುಖಃ’ ಎಂಬಲ್ಲಿ ಇನ್ನೊಮ್ಮೆ. ಮೊದಲನೆಯದು ಬಂದು ಮೂರೇ ಶ್ಲೋಕಕ್ಕೆ ಇನ್ನೊಂದು ಹೆಸರು ಬರುತ್ತದೆ: ‘ಅವಿಜ್ಞಾತಾ ಸಹಸ್ರಾಂಶುಃ’. ಅವಿಜ್ಞಾತಾ, ಎಂದರೆ ತಿಳಿಯದವನು. ಐವತ್ತು ವರ್ಷ ಬಾಯಿಪಾಠ ಹೇಳಿದ್ದೆ, ಒಂದು ದಿನವೂ ಅಲ್ಲಿ ನಿಂತಿರಲಿಲ್ಲ. ಶಂಕರರು, ತಾನೇ ಕರ್ತೃ ಎಂದು ಭ್ರಮಿಸಿದ ಜೀವ ‘ವಿಜ್ಞಾತಾ’, ಹಾಗಲ್ಲದವನು ‘ಅವಿಜ್ಞಾತಾ’ ಎಂದು ಅರ್ಥ ಹೇಳಿದರು. ಮೇಲುಕೋಟೆ ಕಡೆಯ ಗೆಳತಿಯೊಬ್ಬಳು ಪರಾಶರ ಭಟ್ಟರ ವ್ಯಾಖ್ಯಾನವನ್ನು ತೋರಿಸಿದಳು. ರಾಮಾನುಜರ ಶಿಷ್ಯ ಕೂರೇಶರ ಮಗ, ಶ್ರೀರಂಗದಲ್ಲಿದ್ದವರು. ಅವರ ಪ್ರಕಾರ, ಎಲ್ಲ ತಿಳಿದವನಾದರೂ ತನ್ನನ್ನು ನಂಬಿದವರ ತಪ್ಪುಗಳನ್ನು ಮಾತ್ರ ತಿಳಿಯದವನು ಅವನು. ಆ ತಿಳಿಯದಿರುವಿಕೆ ಸಾವಿರ ಹೆಸರುಗಳಲ್ಲಿ ಒಂದಾಗಿ, ಅವನ ಗುಣವಾಗಿ ನಿಂತಿದೆ.

ಪುಸ್ತಕ ತೆಗೆದುಕೊಂಡು ತಮ್ಮನ ಮನೆಗೆ ಹೋದೆ. ಅವನ ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಪೀಠಿಕೆ ಏನೂ ಹಾಕದೆ ಓದಿ ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸೊಪ್ಪನ್ನೇ ನೋಡುತ್ತಿದ್ದಳು.

“ಯಾವ ಸಾಲು ಅಕ್ಕ?”

ತೋರಿಸಿದೆ. ಕೈ ಸೆರಗಿಗೆ ಒರೆಸಿಕೊಂಡು ಆ ಪದದ ಮೇಲೆ ಬೆರಳಿಟ್ಟಳು.

“ಟವೆಲಿಗೆ ಬೈದದ್ದೂ ಅದರಲ್ಲಿ ಬರುತ್ತಾ?”

“ಬರುತ್ತೆ” ಎಂದೆ.

ಬೆರಳು ತೆಗೆಯದೆ ಹೇಳಿದಳು: “ಇದನ್ನ ಅವತ್ತು ಹೇಳ್ಬಹುದಿತ್ತಲ್ಲ ಅವರು.”

ಇಂತಿ,
ನಿಮ್ಮ ಮುಂದಿನ ಸಾಲಿನ ಶ್ರೋತೃಗಳಲ್ಲಿ ಒಬ್ಬಳು